ಸರಕಾರಿ ಅಂಗಡಿಯಿಂದ ಸೂಜಿಯ ಮೊನೆಗೆ

ಉತ್ತರ ಪ್ರದೇಶದ ಗಾಜಿಪುರದಲ್ಲಿ ಗಂಗಾನದಿಯ ದಂಡೆಗೆ ಒಂದು ಹಳೆಯ ಕಾರ್ಖಾನೆ ಇದೆ. ಎತ್ತರದ ಗೋಡೆ, ಬಿಗಿ ಕಾವಲು. 1820ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಶುರುವಾದ ಈ ಕಾರ್ಖಾನೆಯ ಕಚ್ಚಾ ಸರಕು ಅಂದಿಗೂ ಅಫೀಮು, ಇಂದಿಗೂ ಅಫೀಮು. ಇಲ್ಲಿಂದ ಹರಿದು ಬರುವ ಚರಂಡಿಯ ನೀರು ಕುಡಿದು ಸುತ್ತಲಿನ ಕೋತಿಗಳು ಹಗಲೆಲ್ಲ ತೂಕಡಿಸುತ್ತವೆ ಎಂದು ನೋಡಿ ಬಂದವರು ಬರೆದಿದ್ದಾರೆ. ಕಾರ್ಖಾನೆಯ ಒಡೆಯ ಭಾರತ ಸರಕಾರ.

ನಮ್ಮ ಮನೆಗಳಲ್ಲಿ ಹಬ್ಬದ ದಿನ ಪಾಯಸಕ್ಕೆ ಅರೆದು ಹಾಕುವ ಗಸಗಸೆಯೂ ಈ ಅಫೀಮೂ ಒಂದೇ ಗಿಡದ ಮಕ್ಕಳು. ಕಾಯಿ ಹಸಿಯಾಗಿರುವಾಗ ಸಂಜೆ ಅದರ ಮೈಯನ್ನು ಮೊನಚಾದ ಉಪಕರಣದಿಂದ ಗೀರಿದರೆ ರಾತ್ರಿಯೆಲ್ಲ ಹಾಲು ಒಸರುತ್ತದೆ. ಬೆಳಿಗ್ಗೆ ಕಂದು ಬಣ್ಣಕ್ಕೆ ತಿರುಗಿದ ಆ ಅಂಟನ್ನು ಕೆರೆದು ತೆಗೆದರೆ ಅದೇ ಅಫೀಮು. ಕಾಯಿ ಒಣಗಿದ ಮೇಲೆ ಒಳಗೆ ಉಳಿಯುವುದು ಗಸಗಸೆ. ಮಧ್ಯ ಪ್ರದೇಶ, ರಾಜಸ್ತಾನ, ಉತ್ತರ ಪ್ರದೇಶಗಳ ಆಯ್ದ ಜಿಲ್ಲೆಗಳಲ್ಲಿ ಸರಕಾರದ ಪರವಾನಗಿ ಪಡೆದ ರೈತರು ಇದನ್ನು ಬೆಳೆಯುತ್ತಾರೆ. ಅಂಟಿನ ರೂಪದ ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ರಫ್ತು ಮಾಡುವ ದೇಶ ಜಗತ್ತಿನಲ್ಲಿ ಭಾರತ ಒಂದೇ. ಅದೇ ಅಫೀಮನ್ನು ಎರಡೂವರೆ ಕಿಲೋಗಿಂತ ಹೆಚ್ಚು ಇಟ್ಟುಕೊಂಡು ಸಿಕ್ಕಿಬಿದ್ದವನಿಗೆ ಕನಿಷ್ಠ ಹತ್ತು ವರ್ಷ ಸೆರೆವಾಸ ವಿಧಿಸುವ ದೇಶವೂ ಇದೇ.

ಈ ಎರಡು ಮುಖಗಳ ನಡುವೆ ಸುಮಾರು ಇನ್ನೂರೈವತ್ತು ವರ್ಷಗಳ ಕಥೆ ಇದೆ. ಇಂದು ಪಂಜಾಬಿನಲ್ಲಿ ಹೆರಾಯಿನ್, ಮಣಿಪುರದಲ್ಲಿ ಸೂಜಿ, ಕರ್ನಾಟಕದ ಹೊಲದಲ್ಲಿ ಹತ್ತಿ ಸಾಲಿನ ನಡುವೆ ಗಾಂಜಾ ಗಿಡ ಏಕೆ ಎಂಬ ಪ್ರಶ್ನೆಗೆ ಯುವಕರ ಶೀಲದಲ್ಲಿ ಉತ್ತರ ಹುಡುಕುವವರೇ ಹೆಚ್ಚು. ಬೇಡಿಕೆಯ ಹಿಂದೆ ನೋವು, ನಿರುದ್ಯೋಗ, ಶೋಕಿ ಎಲ್ಲವೂ ಇವೆ, ನಿಜ. ಆದರೆ ಯಾವ ಊರಿಗೆ ಯಾವ ವಸ್ತು ಬಂತು ಎಂಬುದನ್ನು ನಿರ್ಧರಿಸಿದ್ದು ಹೆಚ್ಚಾಗಿ ಖಜಾನೆ, ಗಡಿ ಮತ್ತು ಕಾನೂನು.

ಖಜಾನೆಯ ಹೂವು

ಬ್ರಿಟಿಷರು ಬರುವ ಮೊದಲು ಇಲ್ಲಿ ಅಮಲು ಇರಲಿಲ್ಲ ಎಂದೇನಲ್ಲ. ಮೊಗಲ್ ದೊರೆ ಜಹಾಂಗೀರ್ ತನ್ನ ಮದ್ಯಪಾನ ಮತ್ತು ಅಫೀಮು ಸೇವನೆಯನ್ನು ಆತ್ಮಕಥೆಯಲ್ಲಿ ತಾನೇ ಹೇಳಿಕೊಂಡಿದ್ದಾನೆ. ಮಾರವಾಡದಲ್ಲಿ ಅತಿಥಿಗೆ, ಮದುವೆ ಮಾತುಕತೆಗೆ, ರಾಜಿ ಪಂಚಾಯಿತಿಗೆ ಅಫೀಮಿನ ನೀರನ್ನು ಅಂಗೈಯಲ್ಲಿ ಕೊಡುವ ಪದ್ಧತಿ ಇತ್ತು. ಅಲ್ಲಿ ಅಫೀಮಿಗೆ 'ಅಮಲ್' ಎಂದೇ ಹೆಸರು. ಕನ್ನಡದ 'ಅಮಲು' ಪದಕ್ಕೂ ಅದಕ್ಕೂ ನಂಟು ಕಾಣುತ್ತದೆ. ಉತ್ತರದಲ್ಲಿ ಹೋಳಿ, ಶಿವರಾತ್ರಿಗೆ ಭಾಂಗ್ ಇತ್ತು. ನಮ್ಮಲ್ಲಿ ಆರೂಢರ, ಅವಧೂತರ ಮಠಗಳ ಸುತ್ತ ಭಂಗಿ ಸೊಪ್ಪು ಮತ್ತು ಚಿಲುಮೆ ಇದ್ದವು. ಶಿಶುನಾಳ ಶರೀಫರು ಗುಡುಗುಡಿಯನ್ನೇ ತತ್ವಪದಕ್ಕೆ ರೂಪಕ ಮಾಡಿಕೊಂಡರು. ಕೇಳುವವರಿಗೆ ಆ ವಸ್ತು ಅಪರಿಚಿತವಾಗಿದ್ದರೆ ರೂಪಕ ನಿಲ್ಲುತ್ತಿರಲಿಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪೊಟ್ಟಣವನ್ನು ಪ್ರಸಾದವಾಗಿ ಪಡೆಯುವ ರೂಢಿಯ ಬಗ್ಗೆ 2020ರಲ್ಲೂ ಪತ್ರಿಕೆಗಳಲ್ಲಿ ವರದಿಗಳು ಬಂದವು.

ಇವೆಲ್ಲಕ್ಕೂ ಒಂದು ಕಟ್ಟು ಇತ್ತು. ಯಾರು, ಯಾವಾಗ, ಎಷ್ಟು ಎಂಬುದನ್ನು ಜಾತಿ, ವಯಸ್ಸು, ಹಬ್ಬ ನಿರ್ಧರಿಸುತ್ತಿದ್ದವು. ಚಟಕ್ಕೆ ಬಿದ್ದವರು ಆಗಲೂ ಇದ್ದರು. ಅಫೀಮನ್ನು ರಾಜ್ಯದ ವ್ಯವಹಾರವನ್ನಾಗಿ ಮಾಡಿದ್ದು ಮಾತ್ರ ಕಂಪನಿ.

1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮನ್ನು ಕಂಪನಿಯ ಏಕಸ್ವಾಮ್ಯಕ್ಕೆ ತಂದ. ಬಿಹಾರ, ಬನಾರಸ್ ಪ್ರಾಂತಗಳ ರೈತ ಮುಂಗಡ ಹಣ ಪಡೆದು, ಕಂಪನಿ ಹೇಳಿದ ದರಕ್ಕೆ ಕಂಪನಿಗೇ ಮಾರಬೇಕು. ಪಟ್ನಾ ಮತ್ತು ಗಾಜಿಪುರದಲ್ಲಿ ಅದನ್ನು ಉಂಡೆ ಕಟ್ಟಿ, ಪೆಟ್ಟಿಗೆಗೆ ತುಂಬಿ, ಕಲ್ಕತ್ತೆಯಲ್ಲಿ ಹರಾಜು. ಅಲ್ಲಿಂದ ಖಾಸಗಿ ವರ್ತಕರ ಹಡಗುಗಳಲ್ಲಿ ಚೀನಾಕ್ಕೆ. ಚೀನಾದಲ್ಲಿ ಅದು ನಿಷಿದ್ಧ ವಸ್ತು. ಆದ್ದರಿಂದಲೇ ಕಂಪನಿ ತನ್ನ ಹಡಗಿನಲ್ಲಿ ಒಯ್ಯುತ್ತಿರಲಿಲ್ಲ. ಇಷ್ಟು ಮರ್ಯಾದೆ ಅದಕ್ಕಿತ್ತು ಎನ್ನಿ! ಇನ್ನೊಂದು ಕಡೆ ಮಾಳವದ ಅಫೀಮು ದೇಶೀಯ ಸಂಸ್ಥಾನಗಳಿಂದ ಮುಂಬಯಿಗೆ ಇಳಿದು ಸಮುದ್ರ ದಾಟುತ್ತಿತ್ತು. ಸರ್ ಜಮ್‌ಶೆಟ್‌ಜಿ ಜೀಜೀಭಾಯ್ ಅವರಂಥ ಮುಂಬಯಿಯ ದೊಡ್ಡ ದಾನಿಗಳ ಸಂಪತ್ತಿನಲ್ಲಿ ಈ ವ್ಯಾಪಾರದ ಪಾಲು ದೊಡ್ಡದು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು ಕ್ಯಾಂಟನ್‌ನಲ್ಲಿ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ವಶಪಡಿಸಿಕೊಂಡು ನಾಶ ಮಾಡಿದಾಗ ಬ್ರಿಟನ್ ಯುದ್ಧಕ್ಕೇ ಇಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಕಾಲಕ್ಕೆ ಬ್ರಿಟಿಷ್ ಭಾರತದ ಆದಾಯದ ಸುಮಾರು ಆರನೇ ಒಂದು ಭಾಗ ಅಫೀಮಿನಿಂದ ಬರುತ್ತಿತ್ತು. ದಾದಾಭಾಯಿ ನವರೋಜಿ ಇದನ್ನು ಇಂಗ್ಲೆಂಡಿಗೆ ಅಂಟಿದ ಕಳಂಕವೆಂದು ಖಂಡಿಸಿದರು. 1881ರಲ್ಲಿ, ಇನ್ನೂ ಇಪ್ಪತ್ತರ ತರುಣ ರವೀಂದ್ರನಾಥ ಟಾಗೋರ್, ಚೀನಾದಲ್ಲಿ ನಡೆದ ಈ ಸಾವಿನ ವ್ಯಾಪಾರದ ವಿರುದ್ಧ ಬಂಗಾಳಿಯಲ್ಲಿ ಲೇಖನ ಬರೆದರು.

ಅಸ್ಸಾಮಿನ 'ಕಾನಿ'

ಚೀನಾದ ಕಥೆ ಶಾಲೆಯ ಪುಸ್ತಕದಲ್ಲಿದೆ. ದೇಶದೊಳಗೇ ನಡೆದ ಅಸ್ಸಾಮಿನ ಕಥೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ.

ಅಸ್ಸಾಮಿನ ರೈತರು ಮನೆಯ ಹಿತ್ತಿಲಲ್ಲೇ ಗಸಗಸೆ ಗಿಡ ಬೆಳೆದು ಅಫೀಮು ತೆಗೆಯುತ್ತಿದ್ದರು. ಅಲ್ಲಿ ಅದಕ್ಕೆ 'ಕಾನಿ' ಎನ್ನುತ್ತಾರೆ. ಆ ಹೊತ್ತಿಗೆ ಚಹಾ ತೋಟಗಳು ಎದ್ದಿದ್ದವು. ಹಿತ್ತಿಲಲ್ಲಿ ಅಫೀಮು, ಗದ್ದೆಯಲ್ಲಿ ಭತ್ತ ಇರುವ ರೈತ ತೋಟದ ಕೂಲಿಗೆ ಏಕೆ ಬರುತ್ತಾನೆ? ತೋಟದ ಒಡೆಯರ ದೂರು ಇದೇ ಆಗಿತ್ತು. 1860ರ ಸುಮಾರಿಗೆ ಸರಕಾರ ಖಾಸಗಿ ಬೆಳೆಯನ್ನು ನಿಷೇಧಿಸಿತು. ಸೇವನೆಯನ್ನಲ್ಲ, ಬೆಳೆಯುವುದನ್ನು ಮಾತ್ರ. ಬೇಕಾದವರು ಸರಕಾರಿ ಪರವಾನಗಿಯ ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳಬೇಕು. ಹಣ ಬೇಕಾದರೆ ದುಡಿಯಬೇಕು. 1861ರ ಅಕ್ಟೋಬರಿನಲ್ಲಿ ನಗಾಂವ್ ಜಿಲ್ಲೆಯ ಫುಲಗುರಿಯಲ್ಲಿ ರೈತರು ದಂಗೆ ಎದ್ದರು. ಅಫೀಮು ಬೆಳೆಯ ನಿಷೇಧ ಮತ್ತು ವೀಳ್ಯದೆಲೆ, ಅಡಿಕೆಗೂ ತೆರಿಗೆ ಬೀಳಲಿದೆ ಎಂಬ ಭಯ ಇದಕ್ಕೆ ಕಾರಣ. ಸಿಂಗರ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿ ಹತನಾದ. ಅದೇ ವರ್ಷ ಹೇಮಚಂದ್ರ ಬರುವಾ ಅಫೀಮುಕೋರರನ್ನು ಗೇಲಿ ಮಾಡಿ 'ಕಾನಿಯಾರ್ ಕೀರ್ತನ್' ನಾಟಕ ಬರೆದದ್ದನ್ನೂ ಗಮನಿಸಬೇಕು. ಅಂದರೆ ಚಟ ಒಂದು ಪಿಡುಗೆಂದು ಅಸ್ಸಾಮಿನ ವಿದ್ಯಾವಂತರಿಗೆ ಆಗಲೇ ಅನಿಸಿತ್ತು. ರೈತನಿಗೆ ಕಂಡದ್ದು ತನ್ನ ಹಿತ್ತಿಲಿಗೆ ಕೈ ಹಾಕಿದ ಸರಕಾರ.

ಅರವತ್ತು ವರ್ಷಗಳ ನಂತರದ ಲೆಕ್ಕ ನೋಡಿ. ಲೀಗ್ ಆಫ್ ನೇಷನ್ಸ್ ಪ್ರಕಾರ 10,000 ಜನರಿಗೆ ವರ್ಷಕ್ಕೆ 6 ಸೇರು ಅಫೀಮು ವೈದ್ಯಕೀಯ ಅಗತ್ಯಕ್ಕೆ ಸಾಕು. ಅಸ್ಸಾಮಿನಲ್ಲಿ ಅದರ ಹಲವು ಪಟ್ಟು ಮಾರಾಟವಾಗುತ್ತಿತ್ತು. 1921ರಲ್ಲಿ ಗಾಂಧೀಜಿ ಅಸ್ಸಾಮಿಗೆ ಬಂದ ಮೇಲೆ ಅಸಹಕಾರ ಚಳವಳಿಯ ಸ್ವಯಂಸೇವಕರು ಕಾನಿ ವಿರುದ್ಧ ಹಳ್ಳಿ ಸುತ್ತಿದರು, ಮಾರಾಟ ಇಳಿಯಿತು. ಆದಾಯಕ್ಕೆ ಪೆಟ್ಟು ಬಿದ್ದಿತು, ಕಾರ್ಯಕರ್ತರು ಜೈಲು ಸೇರಿದರು. ಅಫೀಮು ಮಾರುವುದು ಸರಕಾರದ ಕೆಲಸ, ಬಿಡಿ ಎನ್ನುವುದು ರಾಜದ್ರೋಹ! 1925ರಲ್ಲಿ ಅಸ್ಸಾಂ ಕಾಂಗ್ರೆಸ್ಸಿನ ಅಫೀಮು ವಿಚಾರಣಾ ಸಮಿತಿ ವರದಿ ಕೊಟ್ಟಿತು. ಕುಲಧರ ಚಲಿಹಾ ಅಧ್ಯಕ್ಷರಾಗಿದ್ದ ಈ ಸಮಿತಿಗೆ ಸಿ.ಎಫ್. ಆಂಡ್ರೂಸ್ ನೆರವಾಗಿದ್ದರು. ಗೋಪೀನಾಥ ಬಾರ್ದೊಲೊಯ್ ಮಂತ್ರಿಮಂಡಲ 1939ರಲ್ಲಿ ಪಾನನಿರೋಧದ ಮಾದರಿಯಲ್ಲಿ ಅಫೀಮು ನಿರೋಧ ಆರಂಭಿಸಿತು.

ಏಳು ಸಂಪುಟಗಳ ವರದಿ

ಗಾಂಜಾದ ಚರಿತ್ರೆ ಬೇರೆ ದಾರಿ ಹಿಡಿಯಿತು. 1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪಾನನಿರೋಧವಾದಿ ಸದಸ್ಯ ಡಬ್ಲ್ಯು.ಎಸ್. ಕೇನ್ ಎತ್ತಿದ ಪ್ರಶ್ನೆಯ ಫಲವಾಗಿ ಭಾರತದಲ್ಲಿ ಗಾಂಜಾ ಸೇವನೆಯ ಬಗ್ಗೆ ಆಯೋಗ ರಚನೆಯಾಯಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ಆಯೋಗ ಊರೂರು ಸುತ್ತಿ 1,100ಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆಯಿತು. ವೈದ್ಯರು, ಅಬಕಾರಿ ಅಧಿಕಾರಿಗಳು, ಸಾಧುಗಳು, ಬೆಳೆಗಾರರು ಎಲ್ಲರೂ ಇದ್ದರು.

ಆಯೋಗ ಮಾಡಿದ ಒಂದು ಕೆಲಸ ಇಂದಿಗೂ ಮಾದರಿ ಎನ್ನಬೇಕು. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬುದು ಆಗಿನ ಗಟ್ಟಿ ನಂಬಿಕೆ. ಹುಚ್ಚಾಸ್ಪತ್ರೆಗಳ ಅಂಕಿಅಂಶಗಳೇ ಅದಕ್ಕೆ ಆಧಾರ. ಆಯೋಗ ಆ ಅಂಕಿಗಳನ್ನು ನಂಬಿ ಕೂರಲಿಲ್ಲ. 1892ರಲ್ಲಿ ಆಸ್ಪತ್ರೆಗಳಿಗೆ ಸೇರಿದ ರೋಗಿಗಳ ಪ್ರಕರಣಗಳನ್ನು ಒಂದೊಂದಾಗಿ ತೆಗೆದು, ಊರಿಗೆ ಹೋಗಿ ವಿಚಾರಿಸಿತು. ಆಗ ಗೊತ್ತಾದ ಸಂಗತಿ ಇದು: ಬೀದಿಯಲ್ಲಿ ಸಿಕ್ಕವನನ್ನು ತಂದು ಒಪ್ಪಿಸುವ ಪೊಲೀಸ್ ಪೇದೆ, ನಮೂನೆಯಲ್ಲಿ 'ಕಾರಣ' ಎಂಬ ಅಂಕಣ ಖಾಲಿ ಇರಬಾರದೆಂದು ಗಾಂಜಾ ಎಂದು ಬರೆಸುತ್ತಿದ್ದ. ಆಸ್ಪತ್ರೆಯ ಗುಮಾಸ್ತ ಅದನ್ನೇ ನಕಲು ಮಾಡುತ್ತಿದ್ದ. ವರ್ಷದ ಕೊನೆಗೆ ಅದು ಸರಕಾರಿ ಅಂಕಿಅಂಶವಾಗುತ್ತಿತ್ತು! ಗಾಂಜಾ ಕಾರಣವೆಂದು ದಾಖಲಾಗಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿಚಾರಣೆಯಲ್ಲಿ ನಿಲ್ಲಲಿಲ್ಲ.

1894ರಲ್ಲಿ ಬಂದ ವರದಿಯ ತೀರ್ಮಾನ: ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿಯಾದರೆ ಹಾನಿ ಇದೆ, ಪೂರ್ಣ ನಿಷೇಧ ಅಗತ್ಯವೂ ಅಲ್ಲ, ವಿವೇಕವೂ ಅಲ್ಲ. ತೆರಿಗೆ ಹಾಕಿ, ಪರವಾನಗಿ ಕೊಟ್ಟು ಹತೋಟಿಯಲ್ಲಿಡಿ ಎಂಬುದು ಸಲಹೆ. ಗಾಂಜಾದ ಮೇಲಿನ ತೆರಿಗೆಯೂ ಆದಾಯವೇ ಆಗಿತ್ತು ಎಂಬುದನ್ನು ಮರೆಯದೆ ಈ ವರದಿಯನ್ನು ಓದಬೇಕು. 1895ರಲ್ಲಿ ಅಫೀಮಿನ ಬಗ್ಗೆ ಬಂದ ರಾಯಲ್ ಕಮಿಷನ್ ವರದಿಯೂ ಸರಕಾರಕ್ಕೆ ಹಿತವಾದದ್ದನ್ನೇ ಹೇಳಿತ್ತು. ಆದರೆ ಗಾಂಜಾ ಆಯೋಗದ ದಾಖಲೆಗಳಲ್ಲಿ ದುಡಿಮೆ ಇದೆ. ಅಫೀಮು ಆಯೋಗದಲ್ಲಿ ಎದ್ದು ಕಾಣುವುದು ಸಮರ್ಥನೆ.

ಹೊಸ ವಸ್ತುವೊಂದು ಇದೇ ಕಾಲದಲ್ಲಿ ಸದ್ದಿಲ್ಲದೆ ನುಸುಳಿತು. ಅದು ಯುರೋಪಿನಿಂದ ಬಂದ ಕೊಕೇನ್. ಬಿಹಾರದ ಭಾಗಲ್ಪುರದಲ್ಲಿ ಹಲ್ಲುನೋವಿಗೆಂದು ಬಳಸಿದ ಜಮೀನ್ದಾರನೊಬ್ಬನಿಂದ ಚಟ ಹಬ್ಬಿತು ಎಂಬ ಕಥೆ ಆಗಿನ ವೈದ್ಯರ ಬರಹಗಳಲ್ಲಿದೆ. ಇಲ್ಲಿನವರು ಅದನ್ನು ಮೂಗಿಗೆ ಏರಿಸಲಿಲ್ಲ, ಸುಣ್ಣ ಸವರಿದ ವೀಳ್ಯದೆಲೆಯಲ್ಲಿಟ್ಟು ಜಗಿದರು! ಕಲ್ಕತ್ತೆ, ಮುಂಬಯಿ, ದೆಹಲಿಗಳ ಬೀಡಾ ಅಂಗಡಿಗಳಲ್ಲಿ ಗುಟ್ಟಾಗಿ ನಡೆದ ಈ ವ್ಯಾಪಾರ ಮಹಾಯುದ್ಧಗಳ ನಡುವಿನ ದಶಕಗಳಲ್ಲೂ ಇತ್ತು. ಕಲ್ಕತ್ತೆಯ ಉಷ್ಣವಲಯ ರೋಗಗಳ ಸಂಸ್ಥೆಯ ಡಾ. ರಾಮನಾಥ ಚೋಪ್ರಾ ಅದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ನಂತರ ಅದು ತಾನಾಗಿ ಕರಗಿತು. ಇನ್ನೊಂದು ಕಡೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಹಸುಗೂಸುಗಳಿಗೆ 'ಬಾಲಗೋಲಿ' ಎಂಬ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಪಾಳಿಗೆ ಹೋಗುತ್ತಿದ್ದರು. ಅವರನ್ನು ವ್ಯಸನಿಗಳ ಪಟ್ಟಿಗೆ ಸೇರಿಸುವುದೇ, ಶಿಶುಪಾಲನಾ ಕೇಂದ್ರವಿಲ್ಲದ ಗಿರಣಿಯ ಪಟ್ಟಿಗೆ ಸೇರಿಸುವುದೇ?

ಅಂಗಡಿ ಮುಚ್ಚಿದ ಮೇಲೆ

ಸ್ವಾತಂತ್ರ್ಯಾನಂತರ ಸಂವಿಧಾನದ 47ನೇ ವಿಧಿ ಪಾನ ಮತ್ತು ಮಾದಕವಸ್ತು ನಿಷೇಧವನ್ನು ರಾಜ್ಯದ ಗುರಿಯಾಗಿ ಹೇಳಿತು. ಹತ್ತು ವರ್ಷಗಳ ಅವಧಿಯಲ್ಲಿ ಹಂತ ಹಂತವಾಗಿ ಇಳಿಸಿ, 1959ರಲ್ಲಿ ವೈದ್ಯಕೀಯ ಅಗತ್ಯ ಬಿಟ್ಟು ಉಳಿದ ಅಫೀಮು ಮಾರಾಟ ನಿಂತಿತು. ಹಳೆಯ ವ್ಯಸನಿಗಳು ಹೆಸರು ನೋಂದಾಯಿಸಿಕೊಂಡು ಪಡಿತರದಂತೆ ಪಡೆಯಬಹುದಿತ್ತು. 1961ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿದಾಗ ಗಾಂಜಾ ನಿಲ್ಲಿಸಲು 25 ವರ್ಷ ಕಾಲಾವಕಾಶ ಸಿಕ್ಕಿತು. ಭಾಂಗ್ ಎಲೆ ಒಪ್ಪಂದದಿಂದ ಹೊರಗುಳಿಯಿತು. ಹಾಗಾಗಿ ಕೆಲವು ರಾಜ್ಯಗಳಲ್ಲಿ ಭಾಂಗ್ ಅಂಗಡಿಗೆ ಇಂದೂ ಸರಕಾರಿ ಪರವಾನಗಿ ಇದೆ. ಅದೇ ಗಿಡದ ಹೂತುದಿಯನ್ನು ಜೇಬಿನಲ್ಲಿಟ್ಟುಕೊಂಡವನಿಗೆ ಜೈಲು.

25 ವರ್ಷಗಳ ಗಡುವು ಮುಗಿಯುವ ಹೊತ್ತಿಗೆ ಸುತ್ತಲಿನ ಜಗತ್ತು ಬದಲಾಗಿತ್ತು. 1973ರಲ್ಲಿ ನೇಪಾಳ ಗಾಂಜಾ, ಚರಸ್ ಅಂಗಡಿಗಳ ಪರವಾನಗಿ ರದ್ದು ಮಾಡಿತು. ಹಿಪ್ಪಿಗಳ ದಾರಿ ಗೋವಾ, ಕುಲು ಕಣಿವೆಗಳ ಕಡೆ ಹೊರಳಿತು. ನಮ್ಮ ಗೋಕರ್ಣ, ಹಂಪಿಗಳಿಗೂ ಮುಂದೆ ಅದರ ಕವಲು ಬಂತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ, ಪಾಕಿಸ್ತಾನದಲ್ಲಿ ಅಫೀಮು ನಿಷೇಧ. ಪಶ್ಚಿಮಕ್ಕೆ ಹೋಗುತ್ತಿದ್ದ ಹಳೆಯ ದಾರಿಗಳು ಕದಡಿದವು, ಗಡಿಭಾಗದಲ್ಲಿ ಹೆರಾಯಿನ್ ತಯಾರಿಕೆ ಹೆಚ್ಚಿತು, ಭಾರತ ಹೊಸ ದಾರಿಯಾಯಿತು. ದಾರಿ ಇದ್ದಲ್ಲಿ ಸ್ವಲ್ಪ ಸರಕು ಚೆಲ್ಲಿಯೇ ಚೆಲ್ಲುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ದೆಹಲಿಯಲ್ಲಿ 'ಸ್ಮ್ಯಾಕ್', ಮುಂಬಯಿಯಲ್ಲಿ 'ಗರ್ದ್' ಎಂಬ ಹೆಸರಿನಲ್ಲಿ ಬ್ರೌನ್ ಶುಗರ್ ಕಾಣಿಸಿಕೊಂಡಿತು. ಬೆಳ್ಳಿ ಕಾಗದದ ಮೇಲೆ ಪುಡಿಯಿಟ್ಟು ಕೆಳಗೆ ಕಡ್ಡಿ ಗೀರಿ ಹೊಗೆ ಎಳೆಯುವ ಹೊಸ ವಿಧಾನ. ಅಫೀಮಿನ ಅಡ್ಡೆಯಲ್ಲಿ ಮಲಗಿ ಸೇದುತ್ತಿದ್ದ ಮುದುಕರ ಜಾಗಕ್ಕೆ ಕಾಲೇಜು ಹುಡುಗರು, ರಿಕ್ಷಾ ಎಳೆಯುವವರು ಬಂದರು.

ಇದಕ್ಕೆ ಉತ್ತರವಾಗಿ ಬಂದದ್ದು 1985ರ ನವೆಂಬರ್ 14ರಂದು ಜಾರಿಯಾದ ಎನ್.ಡಿ.ಪಿ.ಎಸ್. ಕಾಯ್ದೆ. ಅಫೀಮು, ಹೆರಾಯಿನ್, ಗಾಂಜಾ ಎಲ್ಲ ಒಂದೇ ಕಾನೂನಿನಡಿ ಬಂದವು. ಹೆಚ್ಚಿನ ಅಪರಾಧಗಳಿಗೆ ಕನಿಷ್ಠ ಹತ್ತು ವರ್ಷ. 1989ರಲ್ಲಿ ಕೆಲವು ಪುನರಾವರ್ತಿತ ಅಪರಾಧಗಳಿಗೆ ಮರಣದಂಡನೆಯೂ ಸೇರಿತು. ವಶಪಡಿಸಿಕೊಂಡ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆ ಎಂಬ ಸರಳ ನ್ಯಾಯ ಬಂದದ್ದು 2001ರ ತಿದ್ದುಪಡಿಯಲ್ಲಿ. ಕಳ್ಳಸಾಗಣೆದಾರನಿಗೆ ಗಾಂಜಾ ಮೂಟೆಗಿಂತ ಹೆರಾಯಿನ್ ಪೊಟ್ಟಣವೇ ಅನುಕೂಲ. ಒಯ್ಯುವುದು ಸುಲಭ, ಲಾಭ ಹೆಚ್ಚು, ವಾಸನೆ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟ ಕಾನೂನು ಅವನಿಗೆ ಅರಿಯದೆ ದಾರಿ ತೋರಿಸಿತು ಎನ್ನುವವರ ವಾದವನ್ನು ತಳ್ಳಿಹಾಕುವುದು ಕಷ್ಟ.

ಮೋರೆಯ ರಸ್ತೆ

ಇದರ ಅತ್ಯಂತ ದುಬಾರಿ ಬೆಲೆ ತೆತ್ತದ್ದು ಮಣಿಪುರ. ಬರ್ಮಾ ಗಡಿಯ ಮೋರೆ ಪಟ್ಟಣದಿಂದ ಇಂಫಾಲಕ್ಕೆ ಬರುವ ಹೆದ್ದಾರಿಯಲ್ಲಿ 'ನಂಬರ್ ಫೋರ್' ಹೆರಾಯಿನ್ ಬರುತ್ತಿತ್ತು. ನೀರಿನಲ್ಲಿ ಸುಲಭವಾಗಿ ಕರಗುವ, ಸೂಜಿಗೆ ಹೇಳಿ ಮಾಡಿಸಿದ ಬಿಳಿಪುಡಿ ಅದು. ಬಂಡುಕೋರರು, ಸೇನೆ, ನಿರುದ್ಯೋಗದ ನಡುವೆ ಬೆಳೆದ ಹುಡುಗರು ಅದಕ್ಕೆ ಬಿದ್ದರು. ಸಿರಿಂಜು ಇಟ್ಟುಕೊಂಡವನನ್ನು ಪೊಲೀಸರು ಹಿಡಿಯುತ್ತಿದ್ದರಿಂದ ಒಂದು ಸೂಜಿಯನ್ನು ಎಲ್ಲೋ ಅಡಗಿಸಿಟ್ಟು ಹತ್ತು ಜನ ಬಳಸಿದರು. 1989ರವರೆಗೆ ಅಲ್ಲಿನ ವ್ಯಸನಿಗಳಲ್ಲಿ ಎಚ್.ಐ.ವಿ. ಪತ್ತೆಯಾಗಿರಲಿಲ್ಲ. 1990ರ ಪರೀಕ್ಷೆಗಳಲ್ಲಿ ಕೆಲವೇ ತಿಂಗಳೊಳಗೆ ಸುಮಾರು ಅರ್ಧದಷ್ಟು ಜನರಲ್ಲಿ ಸೋಂಕು ಕಂಡಿತು. ಅವರಿಂದ ಹೆಂಡಂದಿರಿಗೆ, ಹೆಂಡಂದಿರಿಂದ ಮಕ್ಕಳಿಗೆ ಹರಡಿತು. ಕುಡುಕರನ್ನು ತಿದ್ದಲು ಪಂಜು ಹಿಡಿದು ರಾತ್ರಿ ಗಸ್ತು ತಿರುಗುತ್ತಿದ್ದ ಮೈರಾ ಪೈಬಿ ಮಹಿಳೆಯರಿಗೆ ಈಗ ತಮ್ಮ ಮಕ್ಕಳ ಶವಯಾತ್ರೆ ನೋಡುವ ಗತಿ ಬಂತು.

ಆ ರಾಜ್ಯ 1996ರಲ್ಲಿ ತನ್ನದೇ ಏಡ್ಸ್ ನೀತಿ ರೂಪಿಸಿ, ವ್ಯಸನಿಗಳಿಗೆ ಶುದ್ಧ ಸೂಜಿ ಕೊಡುವ ದಾರಿಯನ್ನು ಒಪ್ಪಿಕೊಂಡಿತು. ಚಟಕ್ಕೆ ಸರಕಾರವೇ ಸೂಜಿ ಕೊಡುವುದೇ ಎಂದು ಮೂಗು ಮುರಿದವರಿದ್ದರು. ಸತ್ತವನನ್ನು ಚಟ ಬಿಡಿಸಲಾಗುವುದಿಲ್ಲ ಎಂಬುದು ಅದಕ್ಕಿದ್ದ ಉತ್ತರ.

ಚೆನ್ನೈ, ಕಲ್ಕತ್ತೆ, ದೆಹಲಿಗಳಲ್ಲಿ ತೊಂಬತ್ತರ ದಶಕದಲ್ಲಿ ಹೆರಾಯಿನ್ ತುಟ್ಟಿಯಾದಾಗ ವ್ಯಸನಿಗಳು ಔಷಧಿ ಅಂಗಡಿಗೆ ನಡೆದರು. ಬುಪ್ರೆನಾರ್ಫಿನ್ ಎಂಬ ನೋವು ನಿವಾರಕದ ಚುಚ್ಚುಮದ್ದು ಅಗ್ಗವಾಗಿ ಸಿಗುತ್ತಿತ್ತು. ಕೋಡೀನ್ ಇರುವ ಕೆಮ್ಮಿನ ಔಷಧಿ ಬಾಂಗ್ಲಾದೇಶದ ಗಡಿ ದಾಟಿತು. ಗಡಿಯ ಮೇಲೆ ಕಣ್ಣಿಟ್ಟ ಕಾನೂನಿಗೆ ಬೀದಿಯ ಕೊನೆಯ ಮೆಡಿಕಲ್ ಸ್ಟೋರ್ ಕಾಣಲು ತಡವಾಯಿತು. ಪಂಜಾಬಿನಲ್ಲಿ ಸುಗ್ಗಿಯ ಕೂಲಿಗಳು ದಣಿವಿಗೆ ಗಸಗಸೆ ಕಾಯಿಯ ಸಿಪ್ಪೆ 'ಭುಕ್ಕಿ'ಯನ್ನು ಚಹಾದಂತೆ ಕುಡಿಯುತ್ತಿದ್ದರು. ನೆರೆಯ ರಾಜಸ್ತಾನದಲ್ಲಿ ಅದರ ಪರವಾನಗಿ ಅಂಗಡಿಗಳಿದ್ದವು. ಸಿಪ್ಪೆ ಕುಡಿದವರ ಮನೆಯಲ್ಲೇ ಮುಂದಿನ ತಲೆಮಾರು 'ಚಿಟ್ಟಾ' ಎಂಬ ಹೆರಾಯಿನ್‌ಗೆ ಬಿತ್ತು. 2015ರ ಒಂದು ಸಮೀಕ್ಷೆ ಪಂಜಾಬಿನ ಅವಲಂಬಿತರನ್ನು ಸುಮಾರು 2.3 ಲಕ್ಷವೆಂದು ಅಂದಾಜು ಮಾಡಿತು.

ಅಂಕಿಗಳು ಹೇಳುವುದು

ಇಡೀ ದೇಶದ ಚಿತ್ರ ಸ್ಪಷ್ಟವಾಗಿ ಸಿಕ್ಕಿದ್ದು ಬಹಳ ತಡವಾಗಿ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಎಐಐಎಂಎಸ್ 2018ರಲ್ಲಿ ನಡೆಸಿ, 2019ರಲ್ಲಿ ಪ್ರಕಟವಾದ ಸಮೀಕ್ಷೆ 186 ಜಿಲ್ಲೆಗಳ ಎರಡು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿತು. 10ರಿಂದ 75 ವಯಸ್ಸಿನವರಲ್ಲಿ ಶೇ 2.8ರಷ್ಟು ಜನ, ಅಂದರೆ ಸುಮಾರು 3.1 ಕೋಟಿ, ಹಿಂದಿನ ವರ್ಷ ಭಾಂಗ್, ಗಾಂಜಾ ಅಥವಾ ಚರಸ್ ಬಳಸಿದ್ದರು. ಅಫೀಮಿನ ಬಳಗದ ವಸ್ತುಗಳನ್ನು ಬಳಸಿದವರು ಶೇ 2.1. ಇದರಲ್ಲಿ ಕಣ್ಣು ಕುಕ್ಕುವುದು ಒಳಗಿನ ಹಂಚಿಕೆ: ಅಫೀಮು ಶೇ 0.52, ಔಷಧಿ ರೂಪದವು ಶೇ 0.96, ಹೆರಾಯಿನ್ ಶೇ 1.14. ನೂರು ವರ್ಷ ಹಿಂದೆ ದೇಶಕ್ಕೆ ಗೊತ್ತಿದ್ದದ್ದು ಅಫೀಮು ಮಾತ್ರ. ಈಗ ಅದರ ಮರಿಮಗ ಮುಂದೆ. ಸೂಜಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಅಂಟು, ಥಿನ್ನರ್ ಮೂಸುವ ಚಟ ಒಂದರಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳ ಪ್ರಮಾಣ ಹೆಚ್ಚು.

ಪತ್ರಿಕೆಗಳ ಮುಖಪುಟ ನೋಡಿದರೆ ಬೇರೆಯದೇ ದೇಶ ಕಾಣುತ್ತದೆ. 2020ರಲ್ಲಿ ಬೆಂಗಳೂರಿನಲ್ಲಿ ಚಿತ್ರರಂಗದವರ ಹೆಸರು ಕೇಳಿಬಂದಾಗ ತಿಂಗಳುಗಟ್ಟಲೆ ಅದೇ ಸುದ್ದಿ. 2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕಿಲೋ ಹೆರಾಯಿನ್ ಸಿಕ್ಕಿದ್ದು ದೊಡ್ಡ ಸುದ್ದಿಯೇ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಹೆಚ್ಚು ಜನರಿಗೆ ತಲುಪಲಿಲ್ಲ: ಮಾದಕವಸ್ತುಗಳಿಗೆ ಅವಲಂಬಿತರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ಬಾಗಿಲಿಗೆ ಬರುವ ಅನುಕೂಲ ಯಾದಗಿರಿಯ ಕೂಲಿಯವನ ಮನೆಯವರಿಗೆ ಎಷ್ಟರಮಟ್ಟಿಗೆ ಇದೆ ಎಂದು ಲೆಕ್ಕ ಹಾಕಿಕೊಳ್ಳಬಹುದು.

ಪಂಜಾಬ್ 2017ರಿಂದ ಹೊಸ ಹಾದಿ ಹಿಡಿದಿದೆ. ಸರಕಾರಿ ಕೇಂದ್ರಗಳಲ್ಲಿ ಹೆರಾಯಿನ್ ವ್ಯಸನಿಗಳಿಗೆ ನಾಲಿಗೆಯ ಕೆಳಗಿಟ್ಟು ಕರಗಿಸುವ ಮಾತ್ರೆ ಕೊಡುತ್ತಾರೆ. ಮಾತ್ರೆಯಲ್ಲಿರುವುದು ಬುಪ್ರೆನಾರ್ಫಿನ್, ಚೆನ್ನೈ ಬೀದಿಗಳಲ್ಲಿ ವ್ಯಸನಿಗಳು ಚುಚ್ಚಿಕೊಳ್ಳುತ್ತಿದ್ದ ಅದೇ ಔಷಧಿ. ಚುಚ್ಚಿಕೊಂಡರೆ ಸುಖವಾಗದಂತೆ ನಲಾಕ್ಸೋನ್ ಎಂಬ ಇನ್ನೊಂದು ವಸ್ತುವನ್ನು ಬೆರೆಸಿದ್ದಾರೆ. ಮಾತ್ರೆಗಳು ಕಾಳಸಂತೆಗೆ ಸೋರುತ್ತಿವೆ ಎಂಬ ದೂರು ಇದೆ. ಆದರೂ ಮಾತ್ರೆ ತೆಗೆದುಕೊಂಡು ಸರದಿಯಿಂದ ನೇರ ಹೊಲಕ್ಕೆ, ವರ್ಕ್‌ಶಾಪಿಗೆ, ಬಸ್ ಡಿಪೋಗೆ ಹೋಗುವ ಗಂಡಸರು ಅಲ್ಲಿದ್ದಾರೆ. ಕೇಂದ್ರದ ಬಾಗಿಲು ತೆರೆಯುವ ಮೊದಲೇ ಅವರು ಸಾಲುಗಟ್ಟಿ ನಿಂತಿರುತ್ತಾರೆ.